ಆರ್‌ವಿಗೆ ಡಿಶ್: ಕೊಳ್ಳುವ ಮುಂಚೆ ದಕ್ಷಿಣದ ಆಕಾಶ ನೋಡಿ

ಆರ್‌ವಿಗೆ, ಅಂದರೆ ಒಳಗೇ ವಾಸ ಮಾಡುತ್ತ ಊರೂರು ತಿರುಗುವ ಮನೆಬಂಡಿಗೆ, ಯಾವ ಡಿಶ್ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ಬಂಡಿ ನಿಲ್ಲಿಸುವುದು ಬಯಲಲ್ಲೋ, ಮರದ ನೆರಳಲ್ಲೋ? ಬಯಲಾದರೆ ತಾನೇ ಉಪಗ್ರಹ ಹುಡುಕಿಕೊಳ್ಳುವ ಡೋಮ್, ಅಂದರೆ ಮುಚ್ಚಿದ ಡಬ್ಬಿಯೊಳಗಿನ ಡಿಶ್, ತಗೊಳ್ಳಿ, ಎರಡನೇ ಯೋಚನೆ ಬೇಡ. ಅಲ್ಲೊಂದು ಇಲ್ಲೊಂದು ಮರ ಇರುವ ಕಡೆ ವಾರಗಟ್ಟಲೆ ಇರುವವರಾದರೆ ಟ್ರೈಪಾಡ್ ಎಂಬ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂರಿಸುವ ಡಿಶ್ ತಗೊಳ್ಳಿ. ದಟ್ಟ ಕಾಡಿನ ಒಳಗಿನ ಕ್ಯಾಂಪ್‌ಗ್ರೌಂಡೇ ಇಷ್ಟ ಎನ್ನುವವರು ಉಪಗ್ರಹ ಟಿವಿಗೆ ದುಡ್ಡು ಹಾಕಬೇಡಿ. ನಾವು ಡೋಮ್, ಟ್ರೈಪಾಡ್ ಎರಡನ್ನೂ ಇಟ್ಟುಕೊಂಡು ಅಮೆರಿಕದ ಈ ತುದಿಯಿಂದ ಆ ತುದಿವರೆಗೆ ಬಳಸಿದ್ದೇವೆ. ಅದರ ಮೇಲೆ ಹೇಳುತ್ತಿರುವ ಮಾತು ಇದು.

ನಮ್ಮದು 24 ಅಡಿಯ ಟ್ರಾವೆಲ್ ಟ್ರೇಲರ್, ಪಿಕಪ್ ಟ್ರಕ್ ಹಿಂದೆ ಎಳೆದುಕೊಂಡು ಹೋಗುವಂಥದ್ದು. ಮನೆ ಅರಿಜೋನಾದ ಫೀನಿಕ್ಸ್ ಪಕ್ಕದ ಚ್ಯಾಂಡ್ಲರ್‌ನಲ್ಲಿ. ಗಾಡಿ ಓಡಿಸುವುದು, ಟ್ರೇಲರ್ ಸಮ ಕೂರಿಸುವುದು, ನೀರಿನ ಪೈಪು, ಕೊಳೆನೀರಿನ ಪೈಪು ಇವೆಲ್ಲ ನಮ್ಮನೆಯವರ ಪಾಲು. ಬ್ಯಾಟರಿ, ಸೋಲಾರ್, ಟಿವಿ ನನ್ನ ಪಾಲು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಓದಿ ವೈರು ಬೆಸುಗೆ ಕೈಯಾರೆ ಕಲಿತವಳು ನಾನು, ಈ ಕೆಲಸ ಇನ್ನೊಬ್ಬರಿಗೆ ಬಿಡಲು ಮನಸ್ಸು ಬರುವುದಿಲ್ಲ.

ಟಿವಿ ಯಾಕೆ ಬೇಕು, ಪ್ರಕೃತಿ ನೋಡಲು ಹೋಗಿ ಅಲ್ಲೂ ಟಿವಿಯೇ ಎಂದು ಕೇಳುವವರಿದ್ದಾರೆ. ನಮ್ಮ ಜೊತೆ ಅತ್ತೆ ಬರುತ್ತಾರೆ. ವಯಸ್ಸು ಎಂಬತ್ತು ದಾಟಿದೆ, ಮಂಡಿ ನೋವು, ಏರುಹಾದಿ ನಡೆಯಲಾಗದು. ನಾವಿಬ್ಬರೂ ಬೆಳಿಗ್ಗೆ ಟ್ರೇಲ್ ಹಿಡಿದು ಹೋದರೆ ಬರುವುದು ಮಧ್ಯಾಹ್ನ. ಫೋನಿನ ಸಿಗ್ನಲ್ ಒಂದು ಗೆರೆಯೂ ಇಲ್ಲದ ಜಾಗದಲ್ಲಿ ಅಷ್ಟು ಹೊತ್ತು ಅವರು ಒಬ್ಬರೇ. ಊರಿನ ಧಾರಾವಾಹಿಗಳನ್ನು ಮನೆಯ ವೈಫೈಯಲ್ಲಿ ಟ್ಯಾಬ್ಲೆಟ್‌ಗೆ ಇಳಿಸಿಕೊಂಡೇ ಹೊರಡುತ್ತೇವೆ, ಆದರೆ ಅವು ಎಷ್ಟು ದಿನ ಬಂದಾವು? ಅತ್ತೆಗೆ ಅಡುಗೆ ಚಾನೆಲ್ ಇಷ್ಟ, ಹವಾಮಾನ ಚಾನೆಲ್ ಇನ್ನೂ ಇಷ್ಟ. ಇಂಗ್ಲಿಷ್ ಪೂರಾ ಹಿಡಿತಕ್ಕೆ ಸಿಗದಿದ್ದರೂ ಹಿಟ್ಟು ಎಷ್ಟು ಗಟ್ಟಿ ಇರಬೇಕು, ಬಿರುಗಾಳಿ ಯಾವ ರಾಜ್ಯದ ಕಡೆ ಹೊರಟಿದೆ ಎಂಬುದು ಅವರಿಗೆ ಚೆನ್ನಾಗಿ ತಿಳಿಯುತ್ತದೆ. ನಾವು ವಾಪಸ್ ಬಂದಾಗ "ನಾಳೆ ಗಾಳಿ ಇದೆಯಂತೆ ಕಣಮ್ಮ, ಆ ಛತ್ರಿ ಬಟ್ಟೆ ಮಡಚಿಬಿಡಿ" ಎಂದು ಹೇಳುವವರು ಅವರೇ. ಟ್ರೇಲರ್‌ನ ಪಕ್ಕಕ್ಕೆ ನೆರಳಿಗೆಂದು ಬಿಚ್ಚುವ ಬಟ್ಟೆಯ ಚಪ್ಪರ, ಅಂದರೆ ಆನಿಂಗ್‌ಗೆ ಅವರು ಇಟ್ಟ ಹೆಸರು ಛತ್ರಿ ಬಟ್ಟೆ. ಆ ಎಚ್ಚರಿಕೆಯಿಂದ ನಮ್ಮ ಆನಿಂಗ್ ಉಳಿದಿದೆ ಎಂದೇ ನಾನು ನಂಬಿದ್ದೇನೆ.

ನಾವು ಕೊಂಡದ್ದು ವೈನ್‌ಗಾರ್ಡ್ ಕಂಪನಿಯ ಪಾತ್‌ವೇ ಎಕ್ಸ್2 ಡೋಮ್ ಮತ್ತು ಡಿಶ್ ನೆಟ್‌ವರ್ಕ್ ಎಂಬ ಉಪಗ್ರಹ ಟಿವಿ ಕಂಪನಿಯ ವಾಲಿ ರಿಸೀವರ್ (ಟಿವಿಗೆ ಜೋಡಿಸುವ ಪೆಟ್ಟಿಗೆ). ವೈನ್‌ಗಾರ್ಡ್ ಅಯೋವಾದ ಬರ್ಲಿಂಗ್ಟನ್ ಊರಿನಲ್ಲಿ 1954ರಲ್ಲಿ ಶುರುವಾದ ಆ್ಯಂಟೆನಾ ಕಂಪನಿ. ಇಲ್ಲಿನ ಆರ್‌ವಿಗಳ ಛಾವಣಿ ಮೇಲೆ ರೆಕ್ಕೆ ಬಿಚ್ಚಿದ ಬಾವಲಿಯಂಥ ಹಳೇ ಆ್ಯಂಟೆನಾ ನೋಡಿದ್ದರೆ ಅದು ಬಹುಮಟ್ಟಿಗೆ ಅವರದೇ. ಈ ಡೋಮ್ ಹಿಡಿಕೆ ಇರುವ ಪ್ಲಾಸ್ಟಿಕ್ ಡಬ್ಬಿ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಒಳಗೆ ಪುಟ್ಟ ಡಿಶ್, ಅದನ್ನು ತಿರುಗಿಸುವ ಮೋಟಾರ್. ಪ್ರತ್ಯೇಕ ಕರೆಂಟಿನ ವೈರು ಬೇಕಿಲ್ಲ, ರಿಸೀವರ್‌ನಿಂದ ಬರುವ ಅದೇ ಕೇಬಲ್‌ನಲ್ಲೇ ವಿದ್ಯುತ್ತೂ ಹೋಗುತ್ತದೆ. ಡಬ್ಬಿಯನ್ನು ನೆಲದ ಮೇಲೋ ಪಿಕ್‌ನಿಕ್ ಟೇಬಲ್ ಮೇಲೋ ಇಟ್ಟು, ಕೇಬಲ್ ಸಿಕ್ಕಿಸಿ, ಒಳಗೆ ಬಂದು ಟಿವಿ ಹಾಕಿದರೆ ಯಾವ ಆ್ಯಂಟೆನಾ, ಯಾವ ರಾಜ್ಯದಲ್ಲಿದ್ದೀರಿ ಎಂದು ಪರದೆ ಕೇಳುತ್ತದೆ. ಮೋಟಾರ್ ಗುರ್ರೆಂದು ತಿರುಗಲು ಶುರುಮಾಡುತ್ತದೆ. ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಚಿತ್ರ ಬಂದಿರುತ್ತದೆ. ಬಯಲು ಜಾಗದಲ್ಲಿ ಇದು ನಮ್ಮ ಕೈಬಿಟ್ಟದ್ದಿಲ್ಲ.

ಒಂದು ಮಿತಿ ಮಾತ್ರ ಗೊತ್ತಿರಲಿ, ಇದು ಈ ಬಗೆಯ ಎಲ್ಲ ಡೋಮ್‌ಗಳಿಗೂ ಇರುವಂಥದ್ದು. ಡಿಶ್ ನೆಟ್‌ವರ್ಕ್ ಕಂಪನಿಯ ಚಾನೆಲ್‌ಗಳು ಒಂದೇ ಉಪಗ್ರಹದಲ್ಲಿಲ್ಲ. ಪಶ್ಚಿಮದ ಗುಂಪು 110, 119, 129 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಹಂಚಿಕೊಂಡಿದೆ. ಪೂರ್ವದ ಗುಂಪು 61.5, 72.7, 77 ಡಿಗ್ರಿಯಲ್ಲಿದೆ. ಡೋಮ್ ಒಳಗಿನ ಡಿಶ್ ಒಂದು ಹೊತ್ತಿನಲ್ಲಿ ಒಂದೇ ಉಪಗ್ರಹದತ್ತ ಮುಖ ಮಾಡಬಲ್ಲದು. ನೀವು ಚಾನೆಲ್ ಬದಲಿಸಿದಾಗ ಅದು ಬೇರೆ ಉಪಗ್ರಹದಲ್ಲಿದ್ದರೆ ಡಿಶ್ ಅತ್ತ ತಿರುಗಬೇಕು, ಅಷ್ಟು ಹೊತ್ತು ಕಾಯಬೇಕು. ಈ ಡೋಮ್‌ಗೆ ಎರಡು ಕೇಬಲ್ ಸಿಕ್ಕಿಸುವ ಜಾಗವಿದೆ, ಎರಡು ರಿಸೀವರ್ ಜೋಡಿಸಬಹುದು ನಿಜ. ಆದರೆ ಎರಡನೇ ಟಿವಿಯವರು ಮೊದಲನೇ ಟಿವಿ ನೋಡುತ್ತಿರುವ ಉಪಗ್ರಹದ ಚಾನೆಲ್‌ಗಳನ್ನೇ ನೋಡಬೇಕು. ಮಕ್ಕಳಿಗೊಂದು ಹಿರಿಯರಿಗೊಂದು ಟಿವಿ ಇಟ್ಟುಕೊಂಡ ಸಂಸಾರಕ್ಕೆ ಇದು ಸರಿಹೋಗದು. ಒಂದೇ ಟಿವಿಯ ನಮ್ಮಂಥವರಿಗೆ ಅಡ್ಡಿಯಿಲ್ಲ. ಮತ್ತೆ, ಇದು ನಿಂತ ಬಂಡಿಗೆ ಮಾತ್ರ. ಓಡುವಾಗಲೂ ಟಿವಿ ಬೇಕೆನ್ನುವವರಿಗೆ ಛಾವಣಿ ಮೇಲೆ ಕೂರುವ ಬೇರೆ ಬಗೆ ಇದೆ, ಬೆಲೆಯೂ ಬೇರೆ.

ಈಗ ಆಕಾಶದ ವಿಷಯ. ಊರಿನಲ್ಲಿ ಮನೆ ಮೇಲೆ ಡಿಶ್ ಕಟ್ಟಿಸಿದ ಅನುಭವ ಇರುವವರಿಗೆ ಮರ ಇಷ್ಟು ದೊಡ್ಡ ಅಡ್ಡಿಯಾದೀತು ಎಂದು ಹೊಳೆಯುವುದೇ ಇಲ್ಲ. ಅದಕ್ಕೆ ಕಾರಣವಿದೆ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ಸುತ್ತುವ ವೇಗಕ್ಕೇ ಸುತ್ತುತ್ತ ನಮಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಭೂಮಧ್ಯರೇಖೆಗೆ ಹತ್ತಿರ. 83 ಡಿಗ್ರಿ ಪೂರ್ವದಲ್ಲಿರುವ ಉಪಗ್ರಹ ಅಲ್ಲಿಂದ ನೋಡಿದರೆ ದಿಗಂತದಿಂದ 70 ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಬಳಿ. ಪಕ್ಕದಲ್ಲೇ ತೆಂಗಿನ ಮರವಿದ್ದರೂ ಸಿಗ್ನಲ್ ಅದರ ತಲೆ ದಾಟಿ ಬಂದುಬಿಡುತ್ತದೆ. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಊರಿನವರ ಬಾಯಲ್ಲಿ ಎಂಸಿಎಫ್. 1982ರಲ್ಲಿ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸಲೆಂದು ಕಟ್ಟಿದ್ದು. ಅಲ್ಲಿನ ದೊಡ್ಡ ಬಿಳಿ ಡಿಶ್‌ಗಳು ಮುಖವನ್ನು ಆಕಾಶಕ್ಕೆ ಎತ್ತಿ ನಿಂತಿದ್ದನ್ನು ನೋಡುತ್ತಲೇ ನಾನು ಬೆಳೆದೆ. ಡಿಶ್ ಎಂದರೆ ಮೇಲೆ ನೋಡುವುದು ಎಂಬುದು ನನ್ನ ಕಣ್ಣಿಗೆ ಅಂಟಿದ ಚಿತ್ರ.

ಅಮೆರಿಕದಲ್ಲಿ ಡಿಶ್ ಓರೆಯಾಗಿ ದಕ್ಷಿಣಕ್ಕೆ ನೋಡುತ್ತದೆ. ಉತ್ತರಕ್ಕೆ ಹೋದಷ್ಟೂ ಆ ನೋಟ ತಗ್ಗುತ್ತದೆ. ಅರಿಜೋನಾದ ಕ್ವಾರ್ಟ್ಸ್‌ಸೈಟ್‌ನಲ್ಲಿ 110, 119ರ ಉಪಗ್ರಹಗಳು ಸುಮಾರು 50 ಡಿಗ್ರಿ ಎತ್ತರದಲ್ಲಿ ಸಿಗುತ್ತವೆ. ಯೂಟಾದ ಮೋಆಬ್‌ನಲ್ಲಿ 110 ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, 45 ಡಿಗ್ರಿಯಲ್ಲಿದೆ. 129 ಮಾತ್ರ ಅಲ್ಲಿಂದ 30 ಡಿಗ್ರಿ ಪಶ್ಚಿಮಕ್ಕೆ ಸರಿದು 41 ಡಿಗ್ರಿಗೆ ಇಳಿಯುತ್ತದೆ. ಅದೇ ದೇಶದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಪಶ್ಚಿಮದ ಗುಂಪನ್ನೇ ಹುಡುಕಿದರೆ 129 ಬರೀ 12 ಡಿಗ್ರಿಯಲ್ಲಿ, ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ಲೆಕ್ಕ ಹೀಗೆ ಹಾಕಿ: ಉಪಗ್ರಹ 45 ಡಿಗ್ರಿಯಲ್ಲಿದ್ದರೆ ದಕ್ಷಿಣಕ್ಕಿರುವ 40 ಅಡಿ ಮರದಿಂದ ನಿಮ್ಮ ಡಿಶ್ 40 ಅಡಿ ದೂರ ಇರಬೇಕು. 12 ಡಿಗ್ರಿಯಲ್ಲಿದ್ದರೆ ಅದೇ ಮರದಿಂದ ಸುಮಾರು 190 ಅಡಿ ದೂರ ಬೇಕು. ಯಾವ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ಸೈಟಿಗೆ ಅಷ್ಟು ಜಾಗ ಕೊಡುತ್ತಾರೆ? ಪೂರ್ವದ ಗುಂಪು ಇರುವುದೇ ಇದಕ್ಕೆ. ಅಕೇಡಿಯಾದಲ್ಲಿ 61.5, 72.7ರ ಉಪಗ್ರಹಗಳು 38 ಡಿಗ್ರಿಗೆ ಸಿಗುತ್ತವೆ. ಪಾತ್‌ವೇ ಎಕ್ಸ್2 ಎರಡೂ ಗುಂಪನ್ನು ಹುಡುಕಬಲ್ಲದು ಎಂಬುದು ದೇಶ ಸುತ್ತುವವರಿಗೆ ದೊಡ್ಡ ಅನುಕೂಲ. ಬಾಸ್ಟನ್ ಬಳಿಯ ಮಗಳ ಮನೆಗೆ ಹೋದಾಗಲೆಲ್ಲ ನಮಗೆ ಅದರ ಬೆಲೆ ಗೊತ್ತಾಗುತ್ತದೆ.

ಕ್ಯಾಂಪ್‌ಗ್ರೌಂಡಿಗೆ ಹೋದ ಕೂಡಲೇ ಬಂಡಿ ನಿಲ್ಲಿಸಬೇಡಿ. ಇಳಿದು ದಕ್ಷಿಣಕ್ಕೆ ಮುಖ ಮಾಡಿ, ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ದಿಗಂತದಿಂದ ಒಂದರ ಮೇಲೊಂದು ಮುಷ್ಟಿ ಪೇರಿಸಿ ನಾಲ್ಕಕ್ಕೆ ಬನ್ನಿ. ಆ ಎತ್ತರದಲ್ಲಿ, ದಕ್ಷಿಣದಿಂದ ಪಶ್ಚಿಮದ ಕಡೆಗೆ ಮೂರು ಮುಷ್ಟಿ ಅಗಲದಷ್ಟು ಆಕಾಶ ತೆರವಾಗಿದ್ದರೆ ಮೋಆಬ್ ಸುತ್ತಮುತ್ತ ನಿಮಗೆ ಟಿವಿ ಬಂತೆಂದೇ ತಿಳಿಯಿರಿ. ಫೋನಿನ ಕ್ಯಾಮೆರಾದಲ್ಲೇ ಉಪಗ್ರಹದ ಜಾಗ ತೋರಿಸುವ ಆ್ಯಪ್‌ಗಳೂ ಇವೆ. ಸಿಗ್ನಲ್ ಇಲ್ಲದ ಕಡೆ ಆ್ಯಪ್ ತೆರೆದುಕೊಳ್ಳದಿದ್ದರೂ ಮುಷ್ಟಿ ಇದ್ದೇ ಇರುತ್ತದೆ. ದಿಕ್ಸೂಚಿ ನೋಡುವವರು ಇನ್ನೊಂದು ಗಮನಿಸಬೇಕು. ಯೂಟಾ, ಅರಿಜೋನಾ ಕಡೆ ಅದರ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಅದನ್ನು ಕಳೆಯದೆ ಟ್ರೈಪಾಡ್ ತಿರುಗಿಸಿದರೆ ಉಪಗ್ರಹ ಸಿಗುವುದಿಲ್ಲ. ಎಲೆ ಕಳಚಿದ ಮರದ ಬೋಳು ಕೊಂಬೆ ಕೂಡ ಅಡ್ಡವೇ. ಈ ಉಪಗ್ರಹಗಳು 12 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಬಿತ್ತರಿಸುತ್ತವೆ, ಆ ತರಂಗಕ್ಕೆ ಹಸಿ ಎಲೆ, ಕೊಂಬೆಯ ಮೂಲಕ ತೂರಿ ಬರುವ ಶಕ್ತಿ ಇಲ್ಲ.

ಟ್ರೈಪಾಡ್ ಡಿಶ್ ನನ್ನ ಮೆಚ್ಚಿನದು. ಮನೆ ಮೇಲೆ ಹಾಕುವ ಅದೇ ಡಿಶ್ 1000.2, ಮೂರು ಕಾಲಿನ ಸ್ಟ್ಯಾಂಡ್ ಮೇಲೆ. ಪಶ್ಚಿಮದ ಮೂರೂ ಉಪಗ್ರಹಗಳನ್ನು ಏಕಕಾಲಕ್ಕೆ ಹಿಡಿಯುತ್ತದೆ, ಚಾನೆಲ್ ಬದಲಿಸಿದರೆ ಕಾಯುವುದು ಇಲ್ಲ, ಎರಡು ಟಿವಿಯಲ್ಲಿ ಎರಡು ಬೇರೆ ಚಾನೆಲ್ ನೋಡಬಹುದು. ಬೋಗುಣಿ ದೊಡ್ಡದಿರುವುದರಿಂದ ಮಳೆಗೆ ಬೇಗ ಸೋಲುವುದಿಲ್ಲ. ಬಂಡಿ ನೆರಳಲ್ಲಿ ನಿಲ್ಲಲಿ, ಡಿಶ್ ಮಾತ್ರ ಬಿಸಿಲಿನ ತೆರಪಿಗೆ ಹೋಗಿ ನಿಲ್ಲಲಿ ಎಂದು ಉದ್ದ ಕೇಬಲ್ ಎಳೆಯಬಹುದು. ಡೋಮ್‌ಗೆ ಹಾಗೆ ಮಾಡಲು ಬರುವುದಿಲ್ಲ. ಕೇಬಲ್‌ನಲ್ಲೇ ಮೋಟಾರಿಗೆ ಕರೆಂಟು ಹೋಗಬೇಕಾದ್ದರಿಂದ ನಾವು ಅದಕ್ಕೆ 50 ಅಡಿ ದಾಟಿಸುವುದಿಲ್ಲ.

ಆದರೆ ಕೂರಿಸುವ ಕೆಲಸ ತಾಳ್ಮೆಯದು. ಮೊದಲು ಕಂಬ ನೆಟ್ಟಗಿರಬೇಕು. ಇದು ಎಲ್ಲಕ್ಕಿಂತ ಮುಖ್ಯ. ಕಂಬ ವಾಲಿದ್ದರೆ ಡಿಶ್ ಮೇಲಿನ ಡಿಗ್ರಿ ಗುರುತುಗಳೆಲ್ಲ ಸುಳ್ಳಾಗುತ್ತವೆ. ನಾನು ಕಂಬದ ತುದಿಗೆ ರಸಮಟ್ಟ ಇಟ್ಟು ನೋಡಿ, ಕಾಲುಗಳ ಕೆಳಗೆ ಚಪ್ಪಟೆ ಕಲ್ಲು ಸೇರಿಸುತ್ತೇನೆ. ಆಮೇಲೆ ರಿಸೀವರ್‌ನ ಡಿಶ್ ಕೂರಿಸುವ ಪರದೆಗೆ ಹೋಗಿ ಆ ಜಾಗದ ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಕೊಟ್ಟರೆ ಎಷ್ಟು ಡಿಗ್ರಿ ತಿರುಗಿಸಬೇಕು, ಎಷ್ಟು ಎತ್ತಬೇಕು, ಎಷ್ಟು ಓರೆ ಮಾಡಬೇಕು ಎಂಬ ಮೂರು ಅಂಕಿ ಬರುತ್ತವೆ. ಎತ್ತರ, ಓರೆ ಎರಡನ್ನೂ ಮೊದಲೇ ಬಿಗಿ ಮಾಡಿಬಿಡಿ. ಉಳಿಯುವುದು ಎಡಬಲ ತಿರುಗಿಸುವುದೊಂದೇ. ಬೆರಳ ಅಗಲದಷ್ಟು ತಿರುಗಿಸಿ, ಕೈ ತೆಗೆದು, ಪರದೆ ಬದಲಾಗುವವರೆಗೆ ಕಾಯಬೇಕು. ಇದಕ್ಕೆ ಇಬ್ಬರು ಬೇಕು. ನಾನು ಹೊರಗೆ, ನಮ್ಮನೆಯವರು ಒಳಗೆ. "ರೀ, ಎಷ್ಟು ತೋರಿಸ್ತಿದೆ?" "ಇನ್ನೂ ಸ್ವಲ್ಪ ಬಲಕ್ಕೆ... ಹಾಂ, ಬಂತು, ಬಂತು, ಅಲ್ಲೇ ಬಿಡು." ಬಂದ ಮೇಲೂ ಅಲ್ಲೇ ನಿಲ್ಲಿಸದೆ ಸಿಗ್ನಲ್ ಇಳಿಯುವ ಎರಡು ಅಂಚು ನೋಡಿಕೊಂಡು ನಡುವೆ ಬಿಗಿ ಮಾಡುವುದು ಒಳ್ಳೆಯ ಅಭ್ಯಾಸ.

ಡಿಶ್‌ನ ಮುಖ ನೋಡಿ ಅದು ಎತ್ತ ನೋಡುತ್ತಿದೆ ಎಂದು ಅಳೆಯಬೇಡಿ. ಇದು ಆಫ್‌ಸೆಟ್ ಡಿಶ್. ಮುಖ ಎದುರಿನ ಪೊದೆಯನ್ನು ನೋಡುವಂತೆ ಕಂಡರೂ ಅದರ ನಿಜವಾದ ನೋಟ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ಎದುರಿನ ಪೊದೆಗೆ ಹೆದರಿ ಒಳ್ಳೆಯ ಜಾಗ ಬಿಟ್ಟು ಹೋದವರನ್ನು ಕಂಡಿದ್ದೇನೆ. ಗಾಳಿಗೆ ಟ್ರೈಪಾಡ್ ಉರುಳದಂತೆ ನಡುವಿನಿಂದ ಗ್ಯಾಲನ್ ನೀರಿನ ಕ್ಯಾನು ತೂಗಿಬಿಟ್ಟು, ಕಾಲುಗಳಿಗೆ ಡೇರೆಯ ಗೂಟ ಹೊಡೆಯಿರಿ. ಮರುಭೂಮಿಯಲ್ಲಿ ಮಧ್ಯಾಹ್ನ ಏಳುವ ಸುಳಿಗಾಳಿಯನ್ನು ಹಗುರವಾಗಿ ಎಣಿಸಬೇಡಿ. ಪೂರ್ವದ ಗುಂಪಿಗೆ ಡಿಶ್ 1000.4 ಎಂಬ ಬೇರೆಯದೇ ಬೇಕು, ಆದ್ದರಿಂದ ಮೇನ್ ಕಡೆ ಹೋಗುವಾಗ ಟ್ರೈಪಾಡ್ ಮನೆಯಲ್ಲೇ ಬಿಟ್ಟು ಡೋಮ್ ಮಾತ್ರ ಒಯ್ಯುತ್ತೇವೆ.

ವೈರಿನ ಬಗ್ಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಹೊಸಬರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಡಿಶ್‌ನಲ್ಲಿ ಇರುವುದಿಲ್ಲ, ಗೋಡೆಯೊಳಗಿನ ವೈರಿನಲ್ಲಿರುತ್ತದೆ. ಹೊರಗೋಡೆಯ ಮೇಲೆ 'ಕೇಬಲ್', 'ಸ್ಯಾಟ್' ಎಂಬ ಎರಡು ಕಿಂಡಿ ಇರುತ್ತವೆ. ಕ್ಯಾಂಪ್‌ಗ್ರೌಂಡಿನವರು ಕೊಡುವ ಕೇಬಲ್ ಟಿವಿಗೆ ಒಂದು, ಡಿಶ್‌ಗೆ ಇನ್ನೊಂದು. ನಮಗೆ ಟ್ರೇಲರ್ ಮಾರಿದ ಡೀಲರ್ ಉಪಗ್ರಹ ಟಿವಿಗೆ ಸಿದ್ಧ ಎಂದು ಹೇಳಿಯೇ ಕೊಟ್ಟಿದ್ದರು. ಡೋಮ್ ಜೋಡಿಸಿದರೆ ಜೀವವೇ ಇಲ್ಲ. ಟಿವಿ ಹಿಂದಿನ ಹಲಗೆ ಬಿಚ್ಚಿ ನೋಡಿದೆ. 'ಸ್ಯಾಟ್' ಕಿಂಡಿಯ ವೈರು ಛಾವಣಿ ಆ್ಯಂಟೆನಾದ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಮೂಲಕ, ಅಲ್ಲಿಂದ ಒಂದು ವೈರನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಮೂಲಕ ಸುತ್ತಿ ಬಂದಿತ್ತು. ಡಿಶ್‌ನ ಸಿಗ್ನಲ್ ಬೂಸ್ಟರ್ ದಾಟುವುದಿಲ್ಲ, ರಿಸೀವರ್‌ನಿಂದ ಡೋಮ್‌ಗೆ ಹೋಗಬೇಕಾದ ಕರೆಂಟು ಮಾಮೂಲಿ ಸ್ಪ್ಲಿಟರ್ ದಾಟುವುದಿಲ್ಲ. ಎರಡನ್ನೂ ಕಿತ್ತು ಕಿಂಡಿಯಿಂದ ರಿಸೀವರ್‌ವರೆಗೆ ಒಂದೇ ತುಂಡು ಆರ್‌ಜಿ-6 ಕೇಬಲ್ ಎಳೆದ ಮೇಲೆ ಎಲ್ಲ ಸರಿಹೋಯಿತು. ನಿಮ್ಮ ಡಿಶ್ ಕೆಲಸ ಮಾಡದಿದ್ದರೆ ಕಂಪನಿಗೆ ಫೋನ್ ಮಾಡುವ ಮುಂಚೆ ಗೋಡೆಯ ವೈರು ಬಿಟ್ಟು, ಕಿಟಕಿಯಿಂದಲೇ ಕೇಬಲ್ ಒಳಗೆ ತಂದು ನೇರ ರಿಸೀವರ್‌ಗೆ ಹಾಕಿ ನೋಡಿ. ಆಗ ಚಿತ್ರ ಬಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತಲ್ಲ. ಹಳೇ ಬಂಡಿಗಳಲ್ಲಿ ತೆಳ್ಳನೆಯ ಆರ್‌ಜಿ-59 ಇರುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ.

ವಾಲಿ ರಿಸೀವರ್ ಪುಟ್ಟದು, ಟಿವಿ ಹಿಂದೆ ಅವಿತುಕೊಳ್ಳುವಷ್ಟು. ಇರುವುದು ಒಂದೇ ಟ್ಯೂನರ್, ಅಂದರೆ ಒಂದು ಹೊತ್ತಿಗೆ ಒಂದೇ ಚಾನೆಲ್ ಹಿಡಿಯುತ್ತದೆ. ಬೇಕಾದರೆ ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿ, ಒಮ್ಮೆ ಶುಲ್ಕ ಕಟ್ಟಿ, ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳಬಹುದು. ಅತ್ತೆಯ ಅಡುಗೆ ಕಾರ್ಯಕ್ರಮಗಳನ್ನು ಹೀಗೆ ಕೂಡಿಟ್ಟದ್ದು ಮರದ ಕೆಳಗಿನ ದಿನಗಳಿಗೆ ಆಗಿಬರುತ್ತದೆ. ಬ್ಯಾಟರಿ ಮೇಲೆ ಇದರ ಭಾರ ಕಡಿಮೆ, ಡೋಮ್‌ನ ಮೋಟಾರ್ ಕೂಡ ಹುಡುಕುವಾಗಷ್ಟೇ ತಿರುಗುವುದು. ನಮ್ಮ ಸೋಲಾರ್ ಇಡೀ ಸಂಜೆ ಇವನ್ನು ನಡೆಸುತ್ತದೆ.

ಊರೂರು ತಿರುಗುವವರಿಗೆ ಸ್ಥಳೀಯ ಚಾನೆಲ್ ಬೇರೆಯೇ ಕಥೆ. ಫೀನಿಕ್ಸ್‌ನ ಸುದ್ದಿ ಚಾನೆಲ್‌ಗಳನ್ನು ಉಪಗ್ರಹ ದೇಶವಿಡೀ ಚೆಲ್ಲುವುದಿಲ್ಲ. ಆ ಪ್ರದೇಶದ ಮೇಲೆ ಮಾತ್ರ ಬೀಳುವ ಕಿರಿದಾದ ಕಿರಣದಲ್ಲಿ ಕಳಿಸುತ್ತದೆ. ಅದರಿಂದಾಚೆ ಹೋದರೆ ಅವು ಮಾಯ. ಹೊಸ ಊರಿನ ಸ್ಥಳೀಯ ಚಾನೆಲ್ ಬೇಕಾದರೆ ಕಂಪನಿಗೆ ಹೇಳಿ ನಿಮ್ಮ ಸೇವೆಯ ವಿಳಾಸವನ್ನು ಆ ಕ್ಯಾಂಪ್‌ಗ್ರೌಂಡಿನದಕ್ಕೆ ಬದಲಿಸಿಕೊಳ್ಳಬೇಕು. ವಾರಗಟ್ಟಲೆ ನಿಲ್ಲುವುದಾದರೆ ಹಾಗೆ ಮಾಡುವುದು ಲೇಸು. ಸುಂಟರಗಾಳಿಯ ರಾಜ್ಯಗಳಲ್ಲಿ ಸ್ಥಳೀಯ ಹವಾಮಾನ ಸುದ್ದಿ ಬರೀ ಕಾಲಕ್ಷೇಪವಲ್ಲ. ಎರಡು ದಿನಕ್ಕೊಂದು ಊರು ಬದಲಿಸುವವರು ಛಾವಣಿಯ ಮಾಮೂಲಿ ಆ್ಯಂಟೆನಾ ತಿರುಗಿಸಿ ಪುಕ್ಕಟೆ ಬರುವ ಸ್ಥಳೀಯ ಚಾನೆಲ್ ಹಿಡಿಯುವುದೇ ಸುಲಭ. ಆ ಆ್ಯಂಟೆನಾ ಕಿತ್ತುಹಾಕಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮಳೆ ಬಂದರೆ? ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅರಿಜೋನಾದಲ್ಲೂ ಮಳೆಗಾಲ ಇದೆ. ಸಂಜೆ ಕಪ್ಪು ಮೋಡ ಕಟ್ಟಿ ಧೋ ಎಂದು ಸುರಿಯುತ್ತದೆ. ಆ ಹೊತ್ತಿಗೆ ಚಿತ್ರ ಚೂರುಚೂರಾಗಿ ನಿಂತುಬಿಡುವುದು ಯಾವ ಡಿಶ್‌ನಲ್ಲೂ ತಪ್ಪದು. ಮೋಡ ಸರಿದ ಮೇಲೆ ತಾನೇ ಬರುತ್ತದೆ. ಡೋಮ್ ಮೇಲೆ ನಿಂತ ನೀರಿನ ಹನಿ, ಬೆಳಗಿನ ಇಬ್ಬನಿ, ಹಿಮ ಕೂಡ ಸಿಗ್ನಲ್ ತಿನ್ನುತ್ತವೆ. ಕಾರಿಗೆ ಹಚ್ಚುವ ಮೇಣವನ್ನು ಡೋಮ್‌ಗೂ ಸವರಿಟ್ಟರೆ ಹನಿ ನಿಲ್ಲದೆ ಜಾರುತ್ತದೆ.

ಡೈರೆಕ್‌ಟಿವಿ ಎಂಬ ಇನ್ನೊಂದು ಉಪಗ್ರಹ ಟಿವಿ ಕಂಪನಿಯ ಸಂಪರ್ಕ ಇರುವವರಿಗೆ ಒಂದು ಮಾತು. ಅವರ ಎಚ್‌ಡಿ ಚಾನೆಲ್‌ಗಳು 99, 103 ಡಿಗ್ರಿಯ ಉಪಗ್ರಹಗಳಿಂದ ಕೆಎ ಬ್ಯಾಂಡ್ ಎಂಬ ಇನ್ನೂ ಮೇಲಿನ ತರಂಗದಲ್ಲಿ ಬರುತ್ತವೆ. ಇಂಥ ಪುಟ್ಟ ಡೋಮ್‌ಗಳು ಅದನ್ನು ಹಿಡಿಯುವುದಿಲ್ಲ, ಟ್ರೈಪಾಡ್ ಮೇಲೆ ದೊಡ್ಡ ಡಿಶ್ಶೇ ಬೇಕು. ಕೈಯಲ್ಲಿ ಎತ್ತಿಕೊಂಡು ಹೋಗುವ ಡೋಮ್ ಬೇಕೆನ್ನುವವರು ಡಿಶ್ ನೆಟ್‌ವರ್ಕ್ ಕಡೆ ಹೋಗುವುದಕ್ಕೆ ಕಾರಣ ಇದೇ.

ಉಪಗ್ರಹದಿಂದಲೇ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಇರುವಾಗ ಇದೆಲ್ಲ ಯಾಕೆ ಎಂದು ಮಗಳು ಕೇಳುತ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ. 2022ರಲ್ಲಿ ಆರ್‌ವಿಯವರಿಗೆಂದೇ ಸ್ಟಾರ್‌ಲಿಂಕ್ ಬಂದ ಮೇಲೆ ಕ್ಯಾಂಪ್‌ಗ್ರೌಂಡುಗಳ ನೋಟವೇ ಬದಲಾಯಿತು. ಕಚೇರಿ ಕೆಲಸವನ್ನು ಬಂಡಿಯಿಂದಲೇ ಮಾಡುವ ಕಿರಿಯರಿಗೆ ಅದೇ ಸರಿ. ಕನ್ನಡ ಚಾನೆಲ್, ಕ್ರಿಕೆಟ್, ಊರಿಗೆ ವಿಡಿಯೋ ಕರೆ ಎಲ್ಲವೂ ಒಂದರಲ್ಲೇ ಆಗುತ್ತದೆ. ಆದರೆ ಅದಕ್ಕೂ ತೆರೆದ ಆಕಾಶ ಬೇಕು. ಅದರ ಉಪಗ್ರಹಗಳು ಓಡುತ್ತಿರುವುದರಿಂದ ಆಕಾಶದ ದೊಡ್ಡ ಹರವೇ ಬೇಕು, ನಮ್ಮ ಡಿಶ್‌ನಂತೆ ಎರಡು ಮರದ ನಡುವಿನ ಸಂದು ಸಾಲದು. ಅದರ ಸಾಮಾನ್ಯ ಡಿಶ್ ಮಾದರಿಗೆ ತಕ್ಕಂತೆ 50ರಿಂದ 100 ವಾಟ್ ಎಳೆಯುತ್ತಲೇ ಇರುತ್ತದೆ, ಬ್ಯಾಟರಿ ಮೇಲೆ ಬದುಕುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ವಿಷಯವನ್ನು ಕಿರಿಯರು ಎಣಿಸುವುದಿಲ್ಲ. ಅತ್ತೆಗೆ ರಿಮೋಟ್ ಹಿಡಿದು ಚಾನೆಲ್ ನಂಬರ್ ಒತ್ತುವುದು ಗೊತ್ತು. ಆ್ಯಪ್ ತೆರೆದು, ಪಾಸ್‌ವರ್ಡ್ ಹಾಕಿ, ಹುಡುಕಿ, ಆರಿಸಿ ನೋಡುವುದು ಅವರಿಗೆ ಒಗ್ಗದು. ಒಬ್ಬರೇ ಇರುವ ಹೊತ್ತಿನಲ್ಲಿ ಯಾರ ಸಹಾಯವಿಲ್ಲದೆ ತಮಗೆ ಬೇಕಾದ್ದನ್ನು ತಾವೇ ಹಾಕಿಕೊಳ್ಳುವುದು ಆ ವಯಸ್ಸಿನಲ್ಲಿ ದೊಡ್ಡ ಮಾತು. ನಮ್ಮ ಟ್ರೇಲರ್‌ನಲ್ಲಿ ಡಿಶ್ ಇರುವುದು ಈ ಕಾರಣಕ್ಕೆ.

ನಮ್ಮ ಡಿಶ್‌ಗೆ ಅತ್ಯಂತ ಒಗ್ಗುವ ಜಾಗ ಕ್ವಾರ್ಟ್ಸ್‌ಸೈಟ್‌ನ ಲಾ ಪೋಸಾ. ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯ ಮರುಭೂಮಿ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ಇಡೀ ಚಳಿಗಾಲ ಅಲ್ಲೇ ಇರಬಹುದು. ಕುರುಚಲು ಗಿಡ, ಜಲ್ಲಿ ನೆಲ, ದಕ್ಷಿಣಕ್ಕೆ ಅಡ್ಡ ಏನೂ ಇಲ್ಲ. ಜನವರಿಯಲ್ಲಿ ಆರ್‌ವಿ ಮೇಳಕ್ಕೆ ಜನ ನೆರೆದಾಗ ಫೋನಿನ ಇಂಟರ್‌ನೆಟ್ ಉಸಿರು ಕಟ್ಟಿ ಕೂರುತ್ತದೆ. ಡಿಶ್‌ಗೆ ನೆರೆಹೊರೆಯಲ್ಲಿ ಎಷ್ಟು ಜನರಿದ್ದರೂ ಒಂದೇ. ಮರದ ಕೆಳಗಿನ ಜಾಗ ಎಂದರೆ ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡು. ಆ ಮರಗಳು 300 ಅಡಿ ಮೀರಿ ಬೆಳೆಯುತ್ತವೆ. ಅಲ್ಲಿಗೆ ಹೋದಾಗ ನಾವು ಡೋಮ್ ಹೊರಗೆ ತೆಗೆಯುವುದೇ ಇಲ್ಲ. ಅಕೇಡಿಯಾದ ಬ್ಲ್ಯಾಕ್‌ವುಡ್ಸ್ ಕ್ಯಾಂಪ್‌ಗ್ರೌಂಡ್ ಕೂಡ ಸ್ಪ್ರೂಸ್ ಮರಗಳ ನಡುವೆ ಇರುವಂಥದ್ದು, ಸೈಟು ಆರಿಸುವಾಗ ದಕ್ಷಿಣದ ಕಡೆ ರಸ್ತೆ ಇರುವುದನ್ನೇ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಡೋಮ್ ಮತ್ತು ರಿಸೀವರ್ ಸೇರಿ ನಮಗೆ ಬಿದ್ದದ್ದು 500 ಡಾಲರ್ ಆಸುಪಾಸು. ತಿಂಗಳ ಹಣ ನೀವು ಆರಿಸುವ ಚಾನೆಲ್ ಕಂತೆಯ ಮೇಲೆ. ಆರ್‌ವಿಯವರಿಗೆಂದೇ ಇರುವ ಯೋಜನೆಯಲ್ಲಿ ವರ್ಷಗಟ್ಟಲೆ ಒಪ್ಪಂದ ಇಲ್ಲ. ತಿರುಗಾಟ ಇರುವ ತಿಂಗಳಿಗೆ ಕಟ್ಟಿ, ಉಳಿದ ತಿಂಗಳು ನಿಲ್ಲಿಸಿ, ಮತ್ತೆ ಶುರು ಮಾಡಬಹುದು. ಊರಿಗೆ ಹೋಗುವ ತಿಂಗಳುಗಳಲ್ಲಿ ನಾವು ನಿಲ್ಲಿಸಿಯೇ ವಿಮಾನ ಹತ್ತುತ್ತೇವೆ. ಮನೆಯಲ್ಲಿ ಆಗಲೇ ಡಿಶ್ ಸಂಪರ್ಕ ಇರುವವರು ಒಂದು ರಿಸೀವರ್ ಬಿಚ್ಚಿಕೊಂಡು ಬಂಡಿಗೆ ತರುವುದೂ ಉಂಟು, ಆದರೆ ಆ ಮಾದರಿ ನಿಮ್ಮ ಡೋಮ್‌ಗೆ ಹೊಂದುತ್ತದೆಯೇ ಎಂದು ಮೊದಲು ವಿಚಾರಿಸಿ, ಎಲ್ಲವೂ ಹೊಂದುವುದಿಲ್ಲ.

ಹಳೇ ಸಾಮಾನು ಕೊಳ್ಳುವವರು ಟ್ರೈಪಾಡ್, ಡಿಶ್, ಕೇಬಲ್‌ಗಳನ್ನು ಧೈರ್ಯವಾಗಿ ತಗೊಳ್ಳಿ, ಅವುಗಳಲ್ಲಿ ಕೆಡುವಂಥದ್ದು ಕಡಿಮೆ. ಡೋಮ್ ಆದರೆ ಮಾರುವವರ ಮುಂದೆಯೇ ರಿಸೀವರ್ ಜೋಡಿಸಿ, ಮೋಟಾರ್ ತಿರುಗಿ ಚಿತ್ರ ಬರುವವರೆಗೆ ನಿಂತು ನೋಡಿ. ರಿಸೀವರ್ ಆದರೆ ದುಡ್ಡು ಕೊಡುವ ಮುಂಚೆ ಅದರ ಹಿಂಬದಿಯ ನಂಬರನ್ನು ಕಂಪನಿಗೆ ಫೋನ್ ಮಾಡಿ ಹೇಳಿ. ಹಿಂದಿನವರ ಬಾಕಿ ಅದರ ಮೇಲಿದ್ದರೆ, ಅಥವಾ ಅದು ಬಾಡಿಗೆಗೆ ಕೊಟ್ಟ ಪೆಟ್ಟಿಗೆಯಾಗಿದ್ದರೆ, ನಿಮ್ಮ ಹೆಸರಿಗೆ ಚಾಲೂ ಮಾಡಿಕೊಡುವುದಿಲ್ಲ.